ಒಂದೇ ಕೀಲಿಗೆ ಇಬ್ಬರು ಒಡೆಯರು
ಲೆಕ್ಕಪತ್ರದ ಗಣಕದಲ್ಲಿ ಶಾರ್ಟ್‌ಕಟ್ ಕೀಲಿಗಳ ಘರ್ಷಣೆ ಮತ್ತು ಅದರ ಪರಿಹಾರ

ಮೂಡಿಗೆರೆ ತಾಲ್ಲೂಕಿನ ಗೋಣಿಬೀಡಿನಂತಹ ಹೋಬಳಿ ಕೇಂದ್ರದಲ್ಲಿ ಕಾಫಿ, ಕಾಳುಮೆಣಸು, ಅಡಿಕೆ ಖರೀದಿಸುವ ವರ್ತಕರ ಕಚೇರಿಯಲ್ಲಿ ಗಣಕಯಂತ್ರ ಸಾಮಾನ್ಯವಾಗಿ ಒಂದೇ ಇರುತ್ತದೆ. ಬೆಳೆಗಾರನಿಗೆ ಕೊಡುವ ತೂಕದ ಚೀಟಿ ಅದರಲ್ಲಿ ಕನ್ನಡದಲ್ಲಿ ಸಿದ್ಧವಾಗಬೇಕು, ಕ್ಯೂರಿಂಗ್ ವರ್ಕ್ಸ್‌ಗೆ ಹೋಗುವ ಬಿಲ್ಲು ಇಂಗ್ಲಿಷಿನಲ್ಲಿ ಮುದ್ರಣವಾಗಬೇಕು, ಔಟ್‌ಟರ್ನ್ ಮತ್ತು ತೇವಾಂಶದ ಲೆಕ್ಕ ಎಕ್ಸೆಲ್‌ನಲ್ಲಿ ನಡೆಯಬೇಕು, ದಿನದ ಕೊನೆಗೆ ಎಲ್ಲವೂ ಟ್ಯಾಲಿಗೆ ಸೇರಬೇಕು, ತಿಂಗಳಿಗೊಮ್ಮೆ ಜಿ.ಎಸ್.ಟಿ. ಜಾಲತಾಣವನ್ನೂ ಅದೇ ಯಂತ್ರದಲ್ಲಿ ತೆರೆಯಬೇಕು. ಕೀಲಿಮಣೆಯ ಮೇಲಿನ ಸಾಲಿನಲ್ಲಿ ಎಫ್1ರಿಂದ ಎಫ್12ರವರೆಗೆ ಇರುವುದು ಹನ್ನೆರಡೇ ಕೀಲಿಗಳು. ಅವುಗಳ ಮೇಲೆ ಹಕ್ಕು ಸಾಧಿಸುವ ತಂತ್ರಾಂಶಗಳಾದರೋ ನಾಲ್ಕಾರು.

ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಆರಂಭವಾದರೆ ಮಾರ್ಚ್ ವೇಳೆಗೆ ರೊಬಸ್ಟಾ ಮುಗಿಯುವವರೆಗೆ ಈ ಮೇಜಿಗೆ ಬಿಡುವಿಲ್ಲ. ತೋಟದ ರೈಟರು ಮೂಟೆಗಳೊಂದಿಗೆ ಬಾಗಿಲಲ್ಲಿ ಕಾಯುತ್ತಿರುವಾಗ ಗುಮಾಸ್ತರು ಟ್ಯಾಲಿಯಲ್ಲಿ ಎಫ್11 ಒತ್ತುತ್ತಾರೆ. ಸೌಲಭ್ಯಗಳ ಪರದೆ ತೆರೆಯುವ ಬದಲು ಭಾಷೆ ಕನ್ನಡಕ್ಕೆ ಹೊರಳುತ್ತದೆ. ಮತ್ತೊಮ್ಮೆ ಒತ್ತಿದರೆ ಇಂಗ್ಲಿಷ್, ಇನ್ನೊಮ್ಮೆ ಒತ್ತಿದರೆ ಕನ್ನಡ. ಕೀಲಿಮಣೆ ಕೆಟ್ಟಿದೆಯೆಂದೋ ವೈರಸ್ ಬಂದಿದೆಯೆಂದೋ ಪೇಟೆಯಿಂದ ತಂತ್ರಜ್ಞರನ್ನು ಕರೆಸುವುದು, ಅವರು ಎಲ್ಲವನ್ನೂ ಅಳಿಸಿ ವಿಂಡೋಸನ್ನು ಹೊಸದಾಗಿ ಸ್ಥಾಪಿಸುವುದು, ಎರಡು ದಿನ ವ್ಯವಹಾರ ನಿಲ್ಲುವುದು, ಮೂರನೆಯ ದಿನ ಅದೇ ತೊಂದರೆ ಮರಳಿ ಬರುವುದು ಅಪರೂಪವೇನಲ್ಲ. ಯಂತ್ರದಲ್ಲಿ ದೋಷವಿರುವುದಿಲ್ಲ. ಒಂದು ಕೀಲಿಯನ್ನು ಇಬ್ಬರು ತಮ್ಮದೆಂದು ಹೇಳುತ್ತಿರುತ್ತಾರೆ, ಅಷ್ಟೇ.

ಘರ್ಷಣೆ ಹುಟ್ಟಿದ್ದು ಹೇಗೆ?

ಟ್ಯಾಲಿಯ ಮೂಲ ಸಂಸ್ಥೆ 1986ರಲ್ಲಿ ಬೆಂಗಳೂರಿನಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಆರಂಭವಾಯಿತು. ಮೌಸ್ ಇನ್ನೂ ಮನೆಮಾತಾಗದಿದ್ದ ಕಾಲದ ತಂತ್ರಾಂಶವಾದುದರಿಂದ ಅದರ ಇಡೀ ವ್ಯವಹಾರ ಕೀಲಿಗಳ ಮೇಲೆಯೇ ನಿಂತಿತು. ಎಫ್4 ಕಾಂಟ್ರಾ, ಎಫ್5 ಪಾವತಿ, ಎಫ್6 ರಸೀದಿ, ಎಫ್7 ಜರ್ನಲ್, ಎಫ್8 ಮಾರಾಟ, ಎಫ್9 ಖರೀದಿ, ಎಫ್11 ಸೌಲಭ್ಯಗಳು, ಎಫ್12 ವಿನ್ಯಾಸ. ಕಾಮರ್ಸ್ ಓದಿದ ತರುಣರು ಇದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ್ದಾರೆ. ಟ್ಯಾಲಿಯ ವೇಗವಿರುವುದೇ ಇಲ್ಲಿ. ನುರಿತ ಗುಮಾಸ್ತರು ಪರದೆಯನ್ನು ನೋಡದೆಯೇ ದಿನದ ನೂರು ವೋಚರುಗಳನ್ನು ದಾಖಲಿಸಬಲ್ಲರು.

ಕನ್ನಡ ಬಂದದ್ದು ಬೇರೆ ದಾರಿಯಿಂದ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಹೊರಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳಲ್ಲಿ ಬಳಕೆಗೆ ಬಂದು, ಅಲ್ಲಿಂದ ವರ್ತಕರ ಮೇಜಿಗೂ ಇಳಿಯಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಸುಲಭವಾದುದರಿಂದ ಇಂಗ್ಲಿಷ್ ಬೆರಳಚ್ಚು ಬಲ್ಲವರಿಗೂ ಕನ್ನಡ ಕೈಗೆಟುಕಿತು. ಈ ತಂತ್ರಾಂಶಗಳು ಟ್ಯಾಲಿ, ಎಕ್ಸೆಲ್‌ಗಳ ಹಿಂದೆ ಮರೆಯಲ್ಲಿ ಕುಳಿತು, ಒತ್ತಿದ ಪ್ರತಿಯೊಂದು ಕೀಲಿಯನ್ನೂ ಮೊದಲು ತಾವು ನೋಡಿ, ಬಳಿಕ ಮುಂದಕ್ಕೆ ಬಿಡುತ್ತವೆ. ಹಾಗಿಲ್ಲದಿದ್ದರೆ ‘ಕ’ ಒತ್ತಿದಲ್ಲಿ ‘ಕ’ ಮೂಡುವುದು ಅಸಾಧ್ಯ. ಭಾಷೆ ಬದಲಿಸಲು ಅವುಗಳಿಗೂ ಒಂದು ಕೀಲಿ ಬೇಕು. ಬರಹ ಎಫ್11ನ್ನು ಆರಿಸಿಕೊಂಡಿತು. ನುಡಿ, ಶ್ರೀಲಿಪಿ ಮೊದಲಾದವುಗಳಲ್ಲಿ ಸ್ಕ್ರಾಲ್ ಲಾಕ್ ಬಳಸುವ ರೂಢಿ ಬಂದಿತು. ಪ್ರತಿಯೊಬ್ಬರೂ ತಮ್ಮ ತಮ್ಮ ಅಂಗಳದಲ್ಲಿ ಸರಿಯೇ. ಮೂವರೂ ಒಂದೇ ಯಂತ್ರದಲ್ಲಿ ಕೂಡಿದಾಗ ವ್ಯಾಜ್ಯ ಹುಟ್ಟುತ್ತದೆ.

ಕೀಲಿಗಳನ್ನು ಹಂಚುವ ವಿಂಡೋಸಿನ ನಿಯಮ ತಿಳಿದಿದ್ದರೆ ಅರ್ಧ ಗೊಂದಲ ತೀರುತ್ತದೆ. ಯಾವುದೇ ತಂತ್ರಾಂಶ ‘ಈ ಕೀಲಿ ಎಲ್ಲಿ ಒತ್ತಿದರೂ ನನಗೆ ಬರಲಿ’ ಎಂದು ವಿಂಡೋಸಿನಲ್ಲಿ ನೋಂದಾಯಿಸಿಕೊಳ್ಳಬಹುದು. ಮೊದಲು ನೋಂದಾಯಿಸಿದವನಿಗೆ ಕೀಲಿ ಸಿಗುತ್ತದೆ. ಎರಡನೆಯವನ ಅರ್ಜಿ ತಿರಸ್ಕೃತವಾಗುತ್ತದೆ, ಆ ತಿರಸ್ಕಾರ ಎಷ್ಟೋ ವೇಳೆ ಬಳಕೆದಾರನ ಗಮನಕ್ಕೆ ಬರುವುದೇ ಇಲ್ಲ. ಎರಡನೆಯ ವಿಧಾನದಲ್ಲಿ ತಂತ್ರಾಂಶ ಕೀಲಿಗಳು ಹರಿಯುವ ದಾರಿಯಲ್ಲಿಯೇ ಸುಂಕದ ಕಟ್ಟೆಯಂತೆ ಕೂರುತ್ತದೆ. ಇಲ್ಲಿ ನಿಯಮ ತಿರುವುಮುರುವು: ಕೊನೆಗೆ ಬಂದು ಕುಳಿತವನು ಕೀಲಿಯನ್ನು ಮೊದಲು ನೋಡುತ್ತಾನೆ. ಆದ್ದರಿಂದ ತಂತ್ರಾಂಶಗಳು ಯಾವ ಕ್ರಮದಲ್ಲಿ ಆರಂಭವಾದವು ಎಂಬುದರ ಮೇಲೆ ಫಲ ನಿಂತಿರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ ಹೋಗಿ ಬಂದು ಗಣಕ ಮರುಚಾಲನೆಗೊಂಡ ಮೇಲೆ, ನಿನ್ನೆ ಸರಿಯಿದ್ದ ಕೀಲಿ ಇಂದು ಬೇರೆಯವರ ಪಾಲಾಗಿರುವುದಕ್ಕೆ ಇದೊಂದು ಕಾರಣ. ಯು.ಪಿ.ಎಸ್. ಬ್ಯಾಟರಿ ಸುಸ್ಥಿತಿಯಲ್ಲಿದ್ದರೆ ಕೀಲಿಗಳ ಜಗಳವೂ ಒಂದಿಷ್ಟು ಕಡಿಮೆಯಾಗುತ್ತದೆ ಎಂದರೆ ವಿಚಿತ್ರವೆನಿಸಬಹುದು, ಆದರೆ ಅದು ನಿಜ.

ಕಾಯಿಲೆ ಯಾವುದೆಂದು ತಿಳಿಯುವ ಬಗೆ

ಮೊದಲ ಪರೀಕ್ಷೆಗೆ ಖರ್ಚಿಲ್ಲ. ಟ್ಯಾಲಿಯ ಪರದೆಯಲ್ಲಿ ಕೀಲಿಗಳ ಹೆಸರು ಹೊತ್ತ ಗುಂಡಿಗಳಿರುತ್ತವೆ. ಕೈಕೊಟ್ಟ ಕೀಲಿಯ ಬದಲು ಅದೇ ಗುಂಡಿಯನ್ನು ಮೌಸ್‌ನಿಂದ ಒತ್ತಿ ನೋಡಬೇಕು. ಗುಂಡಿ ಕೆಲಸ ಮಾಡಿ ಕೀಲಿ ಮಾಡದಿದ್ದರೆ ಟ್ಯಾಲಿ ಸುಸ್ಥಿತಿಯಲ್ಲಿದೆ. ಕೀಲಿ ದಾರಿಯಲ್ಲಿ ಎಲ್ಲಿಯೋ ತಡೆಯಲ್ಪಟ್ಟಿದೆ. ಕೀಲಿಯೇ ಸವೆದಿದೆಯೋ ಎಂಬ ಅನುಮಾನವಿದ್ದರೆ ವಿಂಡೋಸಿನ ‘ಆನ್-ಸ್ಕ್ರೀನ್ ಕೀಬೋರ್ಡ್’ ತೆರೆದು, ಕೀಲಿಮಣೆಯಲ್ಲಿ ಒತ್ತಿದ್ದು ಪರದೆಯಲ್ಲಿ ಬೆಳಗುತ್ತದೆಯೇ ಎಂದು ನೋಡಬಹುದು. ಕೀಲಿಗಳ ಸಂದಿಯಲ್ಲಿ ಕಾಫಿ ಸಿಪ್ಪೆಯ ಧೂಳು ಸೇರಿಕೊಂಡ ಪ್ರಕರಣಗಳೂ ಇಲ್ಲದಿಲ್ಲ.

ಆಮೇಲೆ ಪರದೆಯ ಬಲಗಡೆ ಕೆಳಮೂಲೆಯಲ್ಲಿ, ಗಡಿಯಾರದ ಪಕ್ಕದಲ್ಲಿ ಸಾಲುಗಟ್ಟಿರುವ ಸಣ್ಣ ಚಿಹ್ನೆಗಳತ್ತ ಗಮನ ಹರಿಸಬೇಕು. ಮರೆಯಲ್ಲಿ ಕುಳಿತು ಕೀಲಿ ಹಿಡಿಯುವವರಲ್ಲಿ ಹೆಚ್ಚಿನವರು ಅಲ್ಲಿಯೇ ಇರುತ್ತಾರೆ. ಒಂದೊಂದನ್ನೇ ಮುಚ್ಚಿ, ಪ್ರತಿ ಬಾರಿಯೂ ಕೀಲಿ ಒತ್ತಿ ಪರೀಕ್ಷಿಸಬೇಕು. ಎಲ್ಲವನ್ನೂ ಒಟ್ಟಿಗೆ ಮುಚ್ಚಿದರೆ ತೊಂದರೆ ಹೋಗುತ್ತದೆ, ಆದರೆ ತೊಂದರೆ ಕೊಟ್ಟವರು ಯಾರೆಂದು ತಿಳಿಯುವುದಿಲ್ಲ. ತಪ್ಪಿತಸ್ಥ ತಂತ್ರಾಂಶ ಅಗತ್ಯವಿಲ್ಲದ್ದಾದರೆ ಕಂಟ್ರೋಲ್ + ಶಿಫ್ಟ್ + ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ‘ಸ್ಟಾರ್ಟಪ್’ ಪಟ್ಟಿಯಲ್ಲಿ ಅದನ್ನು ನಿಷ್ಕ್ರಿಯಗೊಳಿಸಿದರೆ ಮರುದಿನ ತಾನಾಗಿ ಎದ್ದು ಕೂರುವುದಿಲ್ಲ.

ಕೆಲವು ಸ್ಥಳೀಯ ವ್ಯಾಧಿಗಳು

ಎಫ್11ರ ಜಗಳದಲ್ಲಿ ಯಾರು ಸೋಲಬೇಕು ಎಂಬುದನ್ನು ಮಾಲೀಕರೇ ನಿರ್ಧರಿಸಬೇಕು. ಟ್ಯಾಲಿಯ ಕೀಲಿಗಳು ತಂತ್ರಾಂಶದೊಳಗೆ ಬೆಸೆದುಕೊಂಡಿವೆ, ಸಾಮಾನ್ಯ ಬಳಕೆದಾರ ಅವನ್ನು ಬದಲಿಸುವಂತಿಲ್ಲ. ಆದ್ದರಿಂದ ಎಫ್ ಸಾಲನ್ನು ಲೆಕ್ಕಕ್ಕೆ ಬಿಟ್ಟುಕೊಟ್ಟು, ಕನ್ನಡ ತಂತ್ರಾಂಶದ ಆಯ್ಕೆಗಳಲ್ಲಿ ಭಾಷೆ ಹೊರಳಿಸುವ ಕೀಲಿಯನ್ನು ಬೇರೆಡೆಗೆ ಸರಿಸುವುದೇ ವಿವೇಕ. ಅಂತಹ ಅವಕಾಶವಿಲ್ಲದ ಹಳೆಯ ಆವೃತ್ತಿಯಾದರೆ ತೂಕದ ಚೀಟಿ ಸಿದ್ಧಪಡಿಸುವಾಗ ಮಾತ್ರ ಅದನ್ನು ತೆರೆದು, ಮುಗಿದೊಡನೆ ಮುಚ್ಚಬೇಕು. ಎಕ್ಸೆಲ್‌ನಲ್ಲಿಯೂ ಎಫ್11 ಸುಮ್ಮನಿರುವುದಿಲ್ಲ. ಆಯ್ದ ಅಂಕಿಗಳಿಂದ ಹೊಸ ಹಾಳೆಯಲ್ಲಿ ನಕ್ಷೆಯೊಂದನ್ನು ರಚಿಸಿಬಿಡುತ್ತದೆ. ಎಫ್12 ಅಲ್ಲಿ ಕಡತವನ್ನು ಬೇರೆ ಹೆಸರಿನಲ್ಲಿ ಉಳಿಸಲು ಕೇಳುತ್ತದೆ. ಒಂದೇ ಲೆಕ್ಕದ ಕಡತ ನಾಲ್ಕು ಹೆಸರುಗಳಲ್ಲಿ ಹರಡಿಕೊಂಡಿರುವ ಕಚೇರಿಗಳಲ್ಲಿ ಇದೂ ಒಂದು ಕಾರಣವಾಗಿರಬಹುದು.

ಸ್ಕ್ರಾಲ್ ಲಾಕ್‌ನದು ಇನ್ನೂ ಸೂಕ್ಷ್ಮ ತಂಟೆ. ಕನ್ನಡಕ್ಕೆಂದು ಅದನ್ನು ಒತ್ತಿ ಹಾಗೆಯೇ ಬಿಟ್ಟು ಎಕ್ಸೆಲ್‌ಗೆ ಹೋದರೆ, ಬಾಣದ ಕೀಲಿ ಒತ್ತಿದಾಗ ಚೌಕದಿಂದ ಚೌಕಕ್ಕೆ ಸಾಗುವ ಬದಲು ಇಡೀ ಹಾಳೆಯೇ ಜರುಗುತ್ತದೆ. ಗಮನಿಸದವರು ಅಂಕಿಯನ್ನು ಹಿಂದಿನ ಚೌಕದ ಮೇಲೆಯೇ ಬರೆಯುತ್ತಾರೆ; ಒಬ್ಬ ಬೆಳೆಗಾರನ ತೂಕದ ಮೇಲೆ ಇನ್ನೊಬ್ಬನ ತೂಕ ಕುಳಿತುಕೊಳ್ಳುತ್ತದೆ. ಎಕ್ಸೆಲ್‌ನ ಕೆಳಪಟ್ಟಿಯಲ್ಲಿ ‘ಸ್ಕ್ರಾಲ್ ಲಾಕ್’ ಎಂಬ ಸೂಚನೆ ಇದೆಯೇ ಎಂದು ನೋಡುವ ಅಭ್ಯಾಸ ಒಳ್ಳೆಯದು. ಹೊಸ ಕೀಲಿಮಣೆಗಳಲ್ಲಿ ಈ ಕೀಲಿಯೇ ಇಲ್ಲದಿರುವುದೂ ಉಂಟು. ಆಗ ಆನ್-ಸ್ಕ್ರೀನ್ ಕೀಬೋರ್ಡಿನಲ್ಲಿ ಅದನ್ನು ಒತ್ತಿ ಬಿಡಿಸಬೇಕಾಗುತ್ತದೆ.

ವಿಂಡೋಸಿನದೇ ಕನ್ನಡ ಕೀಲಿಮಣೆ ಬಳಸುವವರಿಗೆ ಎಡಗಡೆಯ ಆಲ್ಟ್ + ಶಿಫ್ಟ್ ಶತ್ರು. ಯಂತ್ರದಲ್ಲಿ ಎರಡು ಭಾಷೆಗಳಿದ್ದರೆ ಈ ಜೋಡಿ ಭಾಷೆಯನ್ನು ಬದಲಿಸುತ್ತದೆ. ಆಲ್ಟ್ ಕೀಲಿಯನ್ನೇ ದಿನವಿಡೀ ಬಳಸುವ ಟ್ಯಾಲಿಯ ಬೆರಳುಗಳು ತಿಳಿಯದೆ ಇದನ್ನು ಒತ್ತುವುದು ಸಹಜ. ಪರಿಣಾಮವೂ ಸಣ್ಣದಲ್ಲ. ಆಲ್ಟ್ + ಸಿ ಒತ್ತಿ ಹೊಸ ಖಾತೆ ತೆರೆಯುವಾಗ ಭಾಷೆ ತಪ್ಪಿದ್ದರೆ ಹೆಸರು ಅರ್ಥವಿಲ್ಲದ ಅಕ್ಷರಗಳಾಗಿ ದಾಖಲಾಗುತ್ತದೆ. ಮರೆಯಲ್ಲಿರುವ ಕನ್ನಡ ತಂತ್ರಾಂಶಗಳಲ್ಲಿಯೂ ಇದೇ ಕಥೆ: ಕೆ.ಪಿ. ರಾವ್ ವಿನ್ಯಾಸದಲ್ಲಿ ‘ಕಾಫಿ’ ಎಂದು ಬರೆಯಲು ಒತ್ತುವುದು ಕೆ, ಎ, ಪಿ, ಐ ಎಂಬ ನಾಲ್ಕು ಕೀಲಿಗಳನ್ನು. ಭಾಷೆ ಇಂಗ್ಲಿಷಿನಲ್ಲಿದ್ದರೆ ಆ ನಾಲ್ಕು ಇಂಗ್ಲಿಷ್ ಅಕ್ಷರಗಳೇ ಖಾತೆಯ ಹೆಸರಾಗುತ್ತವೆ. ಮರುದಿನ ಹುಡುಕಿದಾಗ ಸಿಗದೆ ಅದೇ ಬೆಳೆಗಾರನಿಗೆ ಎರಡನೆಯ ಖಾತೆ ತೆರೆಯಲಾಗುತ್ತದೆ. ಮುಂಗಡ ಒಂದು ಖಾತೆಯಲ್ಲಿ, ಸರಕು ಇನ್ನೊಂದರಲ್ಲಿ. ಮಾರ್ಚ್ ಅಂತ್ಯಕ್ಕೆ ಬಾಕಿ ಪಟ್ಟಿ ತೆಗೆದಾಗ, ಮುಂಗಡ ತೀರಿಸಿದ ಮನುಷ್ಯನೇ ಸಾಲಗಾರನಾಗಿ ಕಾಣಿಸಿಕೊಳ್ಳುತ್ತಾನೆ. ಚಿಕ್ಕ ಊರಿನಲ್ಲಿ ಅಂತಹ ಒಂದು ತಪ್ಪು ಬೇಡಿಕೆಯ ಚೀಟಿ ತಲೆಮಾರಿನ ವಿಶ್ವಾಸಕ್ಕೆ ಪೆಟ್ಟು ಕೊಡಬಲ್ಲದು.

ಇದಕ್ಕೆ ಪರಿಹಾರ ಸುಲಭ. ವಿಂಡೋಸ್ 10 ಮತ್ತು 11ರ ಹುಡುಕು ಪೆಟ್ಟಿಗೆಯಲ್ಲಿ ‘ಅಡ್ವಾನ್ಸ್‌ಡ್ ಕೀಬೋರ್ಡ್ ಸೆಟ್ಟಿಂಗ್ಸ್’ ಎಂದು ಇಂಗ್ಲಿಷಿನಲ್ಲಿ ಬರೆದರೆ ಸಂಬಂಧಿಸಿದ ಪುಟ ತೆರೆಯುತ್ತದೆ. ಅಲ್ಲಿ ‘ಇನ್‌ಪುಟ್ ಲ್ಯಾಂಗ್ವೇಜ್ ಹಾಟ್ ಕೀಸ್’ ಎಂಬಲ್ಲಿಗೆ ಹೋಗಿ, ‘ಚೇಂಜ್ ಕೀ ಸೀಕ್ವೆನ್ಸ್’ ಒತ್ತಿ, ಭಾಷೆ ಮತ್ತು ವಿನ್ಯಾಸ ಬದಲಿಸುವ ಎರಡು ಕಡೆಯೂ ‘ನಾಟ್ ಅಸೈನ್ಡ್’ ಆರಿಸಬೇಕು. ಭಾಷೆ ಬದಲಿಸಲು ವಿಂಡೋಸ್ ಕೀಲಿ + ಸ್ಪೇಸ್ ಉಳಿದೇ ಇರುತ್ತದೆ. ಅದು ತಪ್ಪಿ ಒತ್ತಿಹೋಗುವಂತಹದಲ್ಲ. ಅದೇ ಪುಟದಲ್ಲಿ ಪ್ರತಿಯೊಂದು ತಂತ್ರಾಂಶದ ಕಿಟಕಿಗೂ ಬೇರೆ ಬೇರೆ ಭಾಷೆ ಇರಲಿ ಎಂದು ಸೂಚಿಸುವ ಒಂದು ಗುರುತು ಚೌಕವಿದೆ. ಅದನ್ನು ಆರಿಸಿದರೆ ವರ್ಡ್‌ನಲ್ಲಿ ಕನ್ನಡ, ಟ್ಯಾಲಿಯಲ್ಲಿ ಇಂಗ್ಲಿಷ್ ತಮ್ಮ ಪಾಡಿಗೆ ತಾವಿರುತ್ತವೆ. ಇಷ್ಟು ಉಪಯುಕ್ತವಾದ ಸೌಲಭ್ಯ ಇಷ್ಟು ಆಳದಲ್ಲಿ ಅಡಗಿರುವುದು ವಿಷಾದದ ಸಂಗತಿ.

ಕನ್ನಡ ತಂತ್ರಾಂಶ ವರ್ಡ್‌ನಲ್ಲಿ ಕೆಲಸ ಮಾಡಿ ಟ್ಯಾಲಿಯಲ್ಲಿ ಮಾತ್ರ ಮಾಡದಿದ್ದರೆ, ಟ್ಯಾಲಿಯನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ರೀತಿಯಲ್ಲಿ ತೆರೆಯಲಾಗಿದೆಯೇ ಎಂದು ನೋಡಬೇಕು. ಮೇಲಧಿಕಾರದಲ್ಲಿ ನಡೆಯುವ ತಂತ್ರಾಂಶದ ಕೀಲಿಗಳನ್ನು ಸಾಮಾನ್ಯ ಅಧಿಕಾರದ ತಂತ್ರಾಂಶ ಮುಟ್ಟದಂತೆ ವಿಂಡೋಸ್ ತಡೆಯುತ್ತದೆ. ಎರಡನ್ನೂ ಒಂದೇ ಅಧಿಕಾರದಲ್ಲಿ ತೆರೆದರೆ ಸಮಸ್ಯೆ ಇರದು.

ಪರದೆಯ ಮೇಲಿನ ಚಿಹ್ನೆಗಳಿಗೂ ಕಂಟ್ರೋಲ್ + ಆಲ್ಟ್ ಸೇರಿಸಿ ಕೀಲಿ ಕೊಡಬಹುದು. ಯಾರೋ ಎಂದೋ ಉತ್ಸಾಹದಿಂದ ಕೊಟ್ಟು ಮರೆತ ಕೀಲಿ ವರ್ಷಗಳ ನಂತರ ತೊಂದರೆ ಕೊಡುತ್ತದೆ. ರೂಪಾಯಿ ಚಿಹ್ನೆಯನ್ನು 2010ರ ಜುಲೈ 15ರಂದು ಅಂಗೀಕರಿಸಲಾಯಿತು. ವಿಂಡೋಸಿನ ‘ಇಂಗ್ಲಿಷ್ (ಇಂಡಿಯಾ)’ ಕೀಲಿಮಣೆಯಲ್ಲಿ ಕಂಟ್ರೋಲ್ + ಆಲ್ಟ್ + 4 ಅದನ್ನು ಮೂಡಿಸುತ್ತದೆ. ಅದೇ ಜೋಡಣೆಯನ್ನು ಚಿಹ್ನೆಯೊಂದಕ್ಕೆ ಕೊಟ್ಟಿದ್ದರೆ ಬಿಲ್ಲಿನಲ್ಲಿ ರೂಪಾಯಿ ಚಿಹ್ನೆ ಬರುವುದಿಲ್ಲ, ಬದಲಿಗೆ ಮತ್ತಾವುದೋ ತಂತ್ರಾಂಶ ತೆರೆದುಕೊಳ್ಳುತ್ತದೆ. ಚಿಹ್ನೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’ನಲ್ಲಿ ‘ಶಾರ್ಟ್‌ಕಟ್ ಕೀ’ ಎಂಬಲ್ಲಿರುವುದನ್ನು ಅಳಿಸಿದರಾಯಿತು. ಇನ್ನು ಹಳೆಯ ಇಂಟೆಲ್ ಗ್ರಾಫಿಕ್ಸ್ ಇರುವ ಯಂತ್ರಗಳಲ್ಲಿ ಕಂಟ್ರೋಲ್ + ಆಲ್ಟ್ + ಬಾಣದ ಕೀಲಿ ಇಡೀ ಪರದೆಯನ್ನೇ ತಲೆಕೆಳಗು ಮಾಡುತ್ತದೆ. ಮೇಲ್ಮುಖ ಬಾಣ ಸೇರಿಸಿ ಒತ್ತಿದರೆ ನೆಟ್ಟಗಾಗುತ್ತದೆ. ಪರದೆಯನ್ನು ಮೇಜಿನ ಮೇಲೆ ಬೋರಲು ಹಾಕಿ ಕೆಲಸ ಮುಂದುವರಿಸುವ ಅಗತ್ಯವಿಲ್ಲ.

ಜಿ.ಎಸ್.ಟಿ. ಜಾಲತಾಣದ ವಿಷಯದಲ್ಲಿ ಒಂದೇ ಎಚ್ಚರಿಕೆ. ಟ್ಯಾಲಿಯಲ್ಲಿ ಪಾವತಿಯ ಕೀಲಿಯಾದ ಎಫ್5 ಬ್ರೌಸರ್‌ನಲ್ಲಿ ಪುಟವನ್ನು ಹೊಸದಾಗಿ ತೆರೆಯುತ್ತದೆ. ಉಳಿಸದೆ ತುಂಬಿದ ವಿವರಗಳು ಅದರೊಂದಿಗೆ ಹೋಗುತ್ತವೆ.

ಬೆರಳಿನೊಳಗಿನ ಘರ್ಷಣೆ

ಮೇಲಿನವುಗಳಲ್ಲಿ ಹೆಚ್ಚಿನವು ತೊಂದರೆಯಾದ ಕೂಡಲೇ ಕಣ್ಣಿಗೆ ಬೀಳುತ್ತವೆ. ಕಣ್ಣಿಗೆ ಬೀಳದ ಘರ್ಷಣೆ ಇನ್ನೂ ಗಂಭೀರ. 2020ರ ನವೆಂಬರ್‌ನಲ್ಲಿ ಟ್ಯಾಲಿ ಪ್ರೈಮ್ ಬಂದಾಗ, ಟ್ಯಾಲಿ ಇ.ಆರ್.ಪಿ. 9ರ ಹಲವು ಕೀಲಿಗಳಿಗೆ ಹೊಸ ಅರ್ಥ ಬಂದಿತು. ಎಫ್4ರಿಂದ ಎಫ್9ರವರೆಗಿನ ಮುಖ್ಯ ವೋಚರುಗಳು ಇದ್ದಲ್ಲಿಯೇ ಉಳಿದುದರಿಂದ ಬದಲಾವಣೆ ಅಷ್ಟಾಗಿ ತಟ್ಟಲಿಲ್ಲ. ಆದರೆ ಇ.ಆರ್.ಪಿ. 9ರಲ್ಲಿ ಕಂಟ್ರೋಲ್ + ಎಫ್8 ಕ್ರೆಡಿಟ್ ನೋಟ್ ಆಗಿತ್ತು. ಪ್ರೈಮ್‌ನಲ್ಲಿ ಅದು ಮಾರಾಟ ಆದೇಶ. ಕಂಟ್ರೋಲ್ + ಎಫ್9 ಡೆಬಿಟ್ ನೋಟ್ ಆಗಿದ್ದುದು ಖರೀದಿ ಆದೇಶವಾಯಿತು. ಕ್ರೆಡಿಟ್ ನೋಟ್ ಆಲ್ಟ್ + ಎಫ್6ಕ್ಕೆ, ಡೆಬಿಟ್ ನೋಟ್ ಆಲ್ಟ್ + ಎಫ್5ಕ್ಕೆ ಹೋದವು. ಹಿಂದೆ ಆಲ್ಟ್ + ಎಫ್5 ಮಾರಾಟ ಆದೇಶವಾಗಿತ್ತು ಎಂಬುದನ್ನು ಗಮನಿಸಬೇಕು. ಖರೀದಿ ಆದೇಶದ ಹಳೆಯ ಕೀಲಿ ಆಲ್ಟ್ + ಎಫ್4. ಅದೇ ಅಭ್ಯಾಸದಲ್ಲಿ ಎಕ್ಸೆಲ್‌ನಲ್ಲಿ ಒತ್ತಿದರೆ ಕಿಟಕಿಯೇ ಮುಚ್ಚಿಹೋಗುತ್ತದೆ. ಭಾಷೆಯ ಆಯ್ಕೆಗಿದ್ದ ಆಲ್ಟ್ + ಜಿ ಪ್ರೈಮ್‌ನಲ್ಲಿ ‘ಗೋ ಟು’ ಹುಡುಕಾಟವಾಗಿದೆ.

ಹತ್ತು ವರ್ಷ ಇ.ಆರ್.ಪಿ. 9ರಲ್ಲಿ ಪಳಗಿದ ಕೈ ಕ್ರೆಡಿಟ್ ನೋಟ್‌ಗೆಂದು ಕಂಟ್ರೋಲ್ + ಎಫ್8 ಒತ್ತುತ್ತದೆ. ಪರದೆಯ ರೂಪ ಹೆಚ್ಚು ಕಡಿಮೆ ಒಂದೇ: ಗ್ರಾಹಕನ ಹೆಸರು, ಸರಕು, ಪ್ರಮಾಣ, ದರ. ಕಂಟ್ರೋಲ್ + ಎ ಒತ್ತಿದರೆ ದಾಖಲೆ ಅಂಗೀಕೃತ. ತೇವಾಂಶ ಹೆಚ್ಚಾಯಿತೆಂದು ಖರೀದಿದಾರರು ಕಡಿತಗೊಳಿಸಿದ ಮೊತ್ತ ಹೀಗೆ ಆದೇಶವಾಗಿ ಕುಳಿತರೆ, ಆದೇಶ ಲೆಕ್ಕಪತ್ರದ ಮೇಲೆ ಯಾವ ಪರಿಣಾಮವನ್ನೂ ಬೀರುವುದಿಲ್ಲ. ಮಾರಾಟ ಕಡಿಮೆಯಾಗುವುದಿಲ್ಲ, ತೆರಿಗೆ ಹೊಣೆಯೂ ಇಳಿಯುವುದಿಲ್ಲ. ಖರೀದಿದಾರರ ಪುಸ್ತಕದೊಂದಿಗೆ ತಾಳೆ ನೋಡುವವರೆಗೆ ಇದು ಗೊತ್ತಾಗುವುದೂ ಇಲ್ಲ. ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 34ನೆಯ ಪ್ರಕರಣದಂತೆ ಕ್ರೆಡಿಟ್ ನೋಟನ್ನು ಮುಂದಿನ ಹಣಕಾಸು ವರ್ಷದ ನವೆಂಬರ್ 30ರೊಳಗೆ, ಅಥವಾ ವಾರ್ಷಿಕ ವಿವರಣೆ ಸಲ್ಲಿಸಿದ ದಿನದೊಳಗೆ, ಯಾವುದು ಮೊದಲೋ ಅಷ್ಟರಲ್ಲಿ ಘೋಷಿಸಬೇಕು. ಆ ನವೆಂಬರ್ ಬರುವಾಗ ಹೊಸ ಕೊಯ್ಲಿನ ಗಡಿಬಿಡಿ ಆರಂಭವಾಗಿರುತ್ತದೆ. ಅವಧಿ ಮೀರಿದರೆ ಆ ತೆರಿಗೆ ವರ್ತಕರ ಕೈಯಿಂದಲೇ ಹೋದಂತೆ.

ತಪ್ಪನ್ನು ಸದ್ದಿಲ್ಲದೆ ಅಳಿಸುವ ದಾರಿಯೂ ಈಗ ಎಲ್ಲರಿಗೂ ಇಲ್ಲ. ಕಂಪನಿಗಳ ಕಾಯ್ದೆಯಡಿ ನೋಂದಾಯಿತ ಕಂಪನಿಗಳು 2023ರ ಏಪ್ರಿಲ್ 1ರಿಂದ ಪ್ರತಿಯೊಂದು ತಿದ್ದುಪಡಿಯ ಜಾಡನ್ನು ದಾಖಲಿಸುವ ಲೆಕ್ಕಪತ್ರ ತಂತ್ರಾಂಶವನ್ನೇ ಬಳಸಬೇಕಾಗಿದೆ. ಆಲ್ಟ್ + ಡಿ ಒತ್ತಿ ಅಳಿಸಿದ್ದೂ ಅಲ್ಲಿ ಉಳಿಯುತ್ತದೆ. ಏಕಮಾಲೀಕತ್ವ ಮತ್ತು ಪಾಲುದಾರಿಕೆ ಸಂಸ್ಥೆಗಳಿಗೆ ಈ ನಿಯಮ ಅನ್ವಯಿಸದು.

ಇಲ್ಲಿ ವಿಂಡೋಸ್ ಮಾಡಬಹುದಾದದ್ದು ಏನೂ ಇಲ್ಲ. ಪ್ರೈಮ್‌ಗೆ ಬದಲಾಗುವವರು ಡಿಸೆಂಬರ್‌ನಲ್ಲಿ ಬದಲಾಗದೆ, ಮಂಡಿಯಲ್ಲಿ ಸರಕಿಲ್ಲದ ಜೂನ್, ಜುಲೈನಲ್ಲಿ ಬದಲಾಗುವುದು ಲೇಸು. ಬೆರಳುಗಳಿಗೆ ಮರೆಯಲು ಒಂದು ಮಳೆಗಾಲವಾದರೂ ಬೇಕು. ಈಗಾಗಲೇ ಬದಲಾದವರು ಬದಲಾವಣೆಯ ದಿನದಿಂದ ಇಂದಿನವರೆಗಿನ ಮಾರಾಟ ಆದೇಶ ಮತ್ತು ಖರೀದಿ ಆದೇಶಗಳ ಪಟ್ಟಿಯನ್ನು ಡೇ ಬುಕ್‌ನಿಂದ ಒಮ್ಮೆ ತೆಗೆದು ನೋಡಬೇಕು. ಆದೇಶಗಳನ್ನು ಎಂದೂ ದಾಖಲಿಸದ ಸಂಸ್ಥೆಯಲ್ಲಿ ಅಂತಹ ಪಟ್ಟಿ ಖಾಲಿ ಇರಬೇಕು. ಖಾಲಿ ಇಲ್ಲದಿದ್ದರೆ ಅದರಲ್ಲಿರುವ ಪ್ರತಿಯೊಂದನ್ನೂ ಮೂಲ ಚೀಟಿಯೊಂದಿಗೆ ತಾಳೆ ಹಾಕಬೇಕು. ಡೆಬಿಟ್ ನೋಟ್ ಪಟ್ಟಿಯನ್ನೂ ಹಾಗೆಯೇ ಪರಿಶೀಲಿಸಬೇಕು. ಮಾರಾಟ ಆದೇಶವೆಂದು ಭಾವಿಸಿ ಒತ್ತಿದ ಹಳೆಯ ಕೀಲಿ ಅಲ್ಲಿ ಬಂದು ಬಿದ್ದಿರಬಹುದು.

ಜೊತೆಗೆ ಗಣಕದ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದರೆ ಸಾಕು: ಈ ಯಂತ್ರದಲ್ಲಿ ಯಾವ ಕೀಲಿ ಯಾರದು, ಕನ್ನಡಕ್ಕೆ ಯಾವುದು, ಯಾವ ಕೀಲಿಯನ್ನು ಎಂದು ಬದಲಿಸಲಾಯಿತು, ಬದಲಿಸಿದವರು ಯಾರು. ರಜೆಯ ಮೇಲೆ ಹೋದ ಗುಮಾಸ್ತರ ಜಾಗಕ್ಕೆ ಮನೆಯ ಮಗನೋ ಸೊಸೆಯೋ ಬಂದು ಕುಳಿತಾಗ ಮೊದಲು ನೋಡುವುದು ಆ ಹಾಳೆಯನ್ನೇ ಆಗಿರಲಿ. ಅದರ ಒಂದು ಪ್ರತಿ ಲೆಕ್ಕ ಪರಿಶೋಧಕರ ಕಡತದಲ್ಲಿಯೂ ಇದ್ದರೆ ಮಾರ್ಚ್ ನಂತರದ ಪ್ರಶ್ನೋತ್ತರ ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ.